ಖಾನದಾನಿ ಯಂತ್ರ

ಹೂವಿನ ಹಿಪ್ಪರಗಿಯ ಬಸಂತರಾಯ ಸಾಹುಕಾರರ ಮನೆತನದಲ್ಲಿ ಗಟ್ಟಿಯಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಅವರ ಅಜ್ಜನಿಗೆ ತಂಬಾಕು ಜಗಿದು ಜಗಿದು ದನಿ ಹೋಗಿತ್ತೆಂದು ಊರಿನ ಹಳಬರು ಹೇಳುತ್ತಿದ್ದರು, ಅದನ್ನೂ ಅವರ ದೊಡ್ಡ ಮನೆ ವಾಡೆಯಿಂದ ಸಾಕಷ್ಟು ದೂರ ನಿಂತು ಹೇಳುತ್ತಿದ್ದರು. ಅಜ್ಜನ ರೋಗ ಮಗನಿಗೆ ರೂಢಿಯಾಯಿತು; ಮಗನ ರೂಢಿ ಮೊಮ್ಮಗ ಬಸಂತರಾಯರ ಕಾಲಕ್ಕೆ ಘನತೆಯಾಗಿ ಕೂತಿತು. ಸಾಹುಕಾರರು ತುಟಿ ಅಲುಗಿಸುತ್ತಿದ್ದರು ಅಷ್ಟೆ. ಒಂದು ಹೆಜ್ಜೆ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತ ರೇವಣಪ್ಪ ಬಾಗಿ ಕಿವಿಗೊಡುತ್ತಿದ್ದ, ಆಮೇಲೆ ನೆಟ್ಟಗಾಗಿ, "ಸಾವಕಾರ್ರು ಅಂತಾರ" ಎಂದು ಸುರು ಮಾಡಿ ಅಗಸಿಯ ತನಕ ಕೇಳುವಂತೆ ಆ ಮಾತನ್ನು ಒದರುತ್ತಿದ್ದ. ಕುರಿ ಕಾಯುವ ಮಂದಿಯ ಗಂಟಲು ಅದು. ಒಂದು ಮಡ್ಡಿಯಿಂದ ಇನ್ನೊಂದು ಮಡ್ಡಿಗೆ ಕೂಗಿ ಬೆಳೆದದ್ದು. ಅವನ ಅಪ್ಪ ಸಾಹುಕಾರರ ಅಪ್ಪನಿಗೆ ಇದೇ ಕೆಲಸ ಮಾಡಿದ್ದ.

ಬದುವಿನ ನ್ಯಾಯ, ಮದುವೆಯ ಮಾತುಕತೆ, ಆಳುಗಳಿಗೆ ಬೈಗುಳ ಎಲ್ಲವೂ ಈ ದಾರಿಯಲ್ಲೇ ಸಾಗುತ್ತಿದ್ದವು. ಒಮ್ಮೆ ಗುಡಿಯಲ್ಲಿ ಸಾಹುಕಾರರು ಕಣ್ಣು ಮುಚ್ಚಿ ತುಟಿ ಅಲುಗಿಸಿದಾಗ ರೇವಣಪ್ಪ ಅಭ್ಯಾಸಬಲದಿಂದ ಅದನ್ನೂ ಒದರಿಬಿಟ್ಟಿದ್ದ. ಸಾಹುಕಾರರು ದೇವರ ಮುಂದೆ ತಮ್ಮ ಸ್ವಂತ ತಮ್ಮನಿಗೆ ಏನಾಗಲೆಂದು ಬೇಡಿಕೊಂಡರೆಂಬುದು ಅವತ್ತು ಊರಿಗೆಲ್ಲ ತಿಳಿಯಿತು. ಆಗಲೂ ಅವರು ಅವನನ್ನು ತಡೆಯಲಿಲ್ಲ. ತಡೆಯಬೇಕಾದರೆ ದನಿ ಎತ್ತಬೇಕಾಗುತ್ತಿತ್ತು.

ಸುತ್ತಲಿನ ತಾಲೂಕಿನ ಊರುಗಳಲ್ಲಿ ಕಾಲೇಜಿನ ಮಾತು ಎದ್ದಾಗ, ತಾಲೂಕೂ ಅಲ್ಲದ ತಮ್ಮ ಊರಲ್ಲಿ ಸಾಹುಕಾರರು ಹತ್ತಿ ಗೋದಾಮು ಖಾಲಿ ಮಾಡಿಸಿ ಒಂದು ಕಾಲೇಜು ತೆರೆದರು. ತೊಲೆಗಳ ಸಂದಿಯಿಂದ ಅರಳೆ ಇನ್ನೂ ಉದುರುತ್ತಿತ್ತು. ಹುಡುಗರು ಪಾಠದ ನಡುವೆ ಸೀನುತ್ತಿದ್ದರು, ಪ್ರಿನ್ಸಿಪಾಲ ಗುರುಲಿಂಗಪ್ಪನವರು ಅದನ್ನು ಹಾಜರಿ ಎಂದು ತಿಳಿದುಕೊಂಡು ಮುಂದೆ ಹೋಗುತ್ತಿದ್ದರು. ಆ ಕಾಲೇಜಿನಲ್ಲಿ ಚನ್ನಬಸಯ್ಯ ಎಂಬ ಮುದ್ದೇಬಿಹಾಳದ ಪದವೀಧರ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ. ತಾತ್ಪೂರ್ತಿಕ ನೌಕರಿ. ಖಾಯಂ ಮಾಡುತ್ತೇವೆಂಬ ಮಾತು ಪ್ರತಿ ಬೇಸಿಗೆಗೆ ಒಮ್ಮೆ ಚಿಗುರಿ, ಮಳೆಗಾಲ ಬರುವಷ್ಟರಲ್ಲಿ ಬಾಡುತ್ತಿತ್ತು.

ಚನ್ನಬಸಯ್ಯನಿಗೆ ಮೌನದ ಮೇಲೆ ಬಹಳ ಅಭಿಮಾನ. ಧಾರವಾಡದಲ್ಲಿ ಓದುವಾಗಲೇ ಅವನು ವಟವಟ ಮಾತಾಡುವವರನ್ನು ಕಂಡು ಒಳಗೊಳಗೆ ಕನಿಕರ ಪಡುತ್ತಿದ್ದ. ಮಾತಾಡಬೇಕಾದಲ್ಲಿ ಸುಮ್ಮನಿದ್ದು, ಖೋಲಿಗೆ ಬಂದು, ಚಾಪೆಯ ಮೇಲೆ ಬಿದ್ದುಕೊಂಡು, ಆಡದೆ ಬಿಟ್ಟ ಮಾತುಗಳನ್ನು ತಿದ್ದಿ ತೀಡಿ ಚಂದ ಮಾಡುವುದು ಅವನ ಚಾಳಿ. ತನ್ನ ಮೌನದಲ್ಲಿ ಆಳವಿದೆ ಎಂದು ಅವನು ನಂಬಿದ್ದ. ಬೇರೆಯವರಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ. ಈ ನೌಕರಿ ಸಿಕ್ಕಿದ್ದೂ ಹಾಗೆಯೇ. ಸಂದರ್ಶನದಲ್ಲಿ ಕೇಳಿದ ಯಾವ ಪ್ರಶ್ನೆಗೂ ಅವನು ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ. ಹುಡುಗ ದನಿ ಎತ್ತೂದಿಲ್ಲ, ನಮ್ಮ ಸಂಸ್ಥಾಕ್ಕ ಒಪ್ತಾನ ಅಂತ ಸಾಹುಕಾರರು ಅಂದರೆಂದು ರೇವಣಪ್ಪ ಒದರಿ ಹೇಳಿದ್ದ.

ಮುದ್ದೇಬಿಹಾಳದಲ್ಲಿ ಅವನ ತಾಯಿ ಸಿದ್ದಲಿಂಗವ್ವ ಬಸವನ ಬಾಗೇವಾಡಿಯ ಒಂದು ಹೆಣ್ಣು ನೋಡಿಟ್ಟಿದ್ದಳು. ಚನ್ನಬಸಯ್ಯನೂ ನೋಡಿ ಬಂದಿದ್ದ. ಆ ಹುಡುಗಿ ಅವಲಕ್ಕಿಯ ತಾಟು ಇಟ್ಟು ಹೋಗುವಾಗ ಒಂದೂ ಮಾತಾಡಲಿಲ್ಲ; ಅದರಲ್ಲೂ ಆಳವಿದೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹೆಣ್ಣಿನ ಅಪ್ಪ ಮಾತ್ರ ಖಡಕ್ಕಾಗಿ ಹೇಳಿದ್ದರು. ಹುಡುಗ ಖಾಯಂ ಆಗಲಿ, ಮರುದಿನವೇ ಎಲೆಅಡಿಕೆ. ಈ ವರ್ಷವೂ ಆಗದಿದ್ದರೆ ಸಿಂದಗಿಯ ಕಡೆಯಿಂದ ಬಂದ ವರ ಇದ್ದೇ ಇದ್ದಾನೆ.

ಸಂಗತಿ ಹೀಗಿರುವಾಗ ಬಿಜಾಪುರದಿಂದ ಬಸ್ಸಿನ ಟಾಪಿನ ಮೇಲೆ, ಉಳ್ಳಾಗಡ್ಡಿ ಚೀಲಗಳ ನಡುವೆ, ಅನುದಾನದ ಸಿಗ್ನಲ್ ಜನರೇಟರು ಬಂದಿಳಿಯಿತು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಮುಖದ ಮೇಲೆ ದೊಡ್ಡದೊಂದು ಗುಂಡಿ, ಸಣ್ಣವು ಮೂರ್ನಾಲ್ಕು. ಬೇಕಾದ ಎತ್ತರದ ಒಂದೇ ಒಂದು ನಾದವನ್ನು ವಿದ್ಯುತ್ತಿನ ಅಲೆಯಾಗಿ ಹುಟ್ಟಿಸುವುದು ಅದರ ಕೆಲಸ. ಗುಂಡಿ ತಿರುವಿದರೆ ನಾದ ಏರುತ್ತದೆ, ಇಳಿಯುತ್ತದೆ, ಆದರೆ ಎಂದೂ ತಪ್ಪುವುದಿಲ್ಲ. ಅಂಥ ವಸ್ತು ಇಂಡಿಯಲ್ಲಿಲ್ಲ, ಸಿಂದಗಿಯಲ್ಲಿಲ್ಲ, ಮುದ್ದೇಬಿಹಾಳ ಬಾಗೇವಾಡಿಗಳಲ್ಲಂತೂ ಇಲ್ಲವೇ ಇಲ್ಲ ಎಂದು ಯಾರೋ ವಾಡೆಯಲ್ಲಿ ಹೇಳಿದರು. ಯಾರೂ ಹೋಗಿ ನೋಡಿ ಬಂದಿರಲಿಲ್ಲ. ಸಾಹುಕಾರರು ಕೂಡಲೇ ಹೊರಟು ಬಂದರು.

ಯಂತ್ರಕ್ಕೆ ವಿಭೂತಿ ಬಳಿದು ಕಾಯಿ ಒಡೆದಾಯಿತು. ಕಾಯಿಯ ನೀರು ಒಳಗೆ ಇಳಿಯದಂತೆ ಚನ್ನಬಸಯ್ಯ ತನ್ನ ಅಂಗವಸ್ತ್ರ ಅಡ್ಡ ಹಿಡಿದ. ಆಮೇಲೆ ಅವನು ಯಂತ್ರಕ್ಕೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಜೋಡಿಸಿದ. ಸಾಹುಕಾರರು ಮಂದಿಯ ಮುಂದೆ ಮೊದಲ ಸಲ ತಲೆಯ ಪಟಗಾ ತೆಗೆದು, ಅದನ್ನು ಕಿವಿಗೆ ಹಾಕಿಕೊಂಡರು. ತೆಳ್ಳಗಿನ, ಸ್ವಚ್ಛವಾದ ನಾದ. ಅವರ ಮುಖ ಅರಳಿತು. ಅಷ್ಟು ಮಂದಿ ಕೂತಲ್ಲಿ ತಮಗೊಬ್ಬರಿಗೇ ಕೇಳಿಸುವ ದನಿ ಅವರಿಗೆ ಬಹಳ ಹಿಡಿಸಿತು. ತುಟಿ ಅಲುಗಿತು, ರೇವಣಪ್ಪ ಬಾಗಿದ, ಎದ್ದ.

"ಸಾವಕಾರ್ರು ಅಂತಾರ, ಕಾಲೇಜಿನ ವರ್ಷದ ಗ್ಯಾದರಿಂಗಿನ ದಿವಸ ಈ ಯಂತ್ರ ಮ್ಯಾಳಗಿ ಮ್ಯಾಲೆ ಭೋಂಗಾದಾಗ ಒದರಬೇಕು. ಬಾಗೇವಾಡಿ ರಸ್ತಾದಾಗ ಹೊಂಟವರಿಗೂ ಕೇಳಬೇಕು. ನಾಕೂ ತಾಲೂಕಿನ ಹಿರ್ಯಾರು ಬರಾವ್ರದಾರ. ಒದರಿದ್ರ ನಮ್ಮ ಚನ್ನಬಸಯ್ಯ ಅಯ್ಯಾರು ಅವತ್ತ ಖಾಯಂ."

ಒದರದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಆದರೂ ಸಾಹುಕಾರರ ತುಟಿ ಇನ್ನೊಮ್ಮೆ ಅಲುಗಿತು. ಅವರ ತಂಗಿಯ ಮಗ ಇಂಡಿಯಲ್ಲಿ ಈ ಸಲ ಕಡೆಗೂ ಬಿ.ಎಸ್ಸಿ. ಪಾಸಾಗಿದ್ದಾನೆಂದು ರೇವಣಪ್ಪ ಊರಿಗೆ ತಿಳಿಸಿದ.

ಕಿವಿಯೊಳಗೆ ಗುನುಗುವ ದನಿಗೆ ಬೇಕಾದ ಬಲವೇ ಬೇರೆ, ಮಾಳಿಗೆಯ ಮೇಲೆ ತುತ್ತೂರಿಯ ಹಾಗೆ ಬಾಯಿ ತೆರೆದ ಭೋಂಗಾಕ್ಕೆ ಬೇಕಾದ ಬಲವೇ ಬೇರೆ ಎಂದು ಚನ್ನಬಸಯ್ಯ ಆಗಲೇ ಹೇಳಬೇಕಿತ್ತು. ಗುರುಲಿಂಗಪ್ಪನವರು ಅವನತ್ತ ನೋಡಿದರು. ಅವನು, "ಹೌದ್ರಿ" ಎಂದ. ಮಿಕ್ಕ ಮಾತನ್ನು ಖೋಲಿಗೆ ಹೋಗಿ ಚಾಪೆಗೆ ಹೇಳಿದ.

ಐತವಾರ ಮಧ್ಯಾಹ್ನ ಮೈಕ್‌ಸೆಟ್ಟಿನ ಕಾಸಿಂಸಾಬನಿಂದ ಒಂದು ಭೋಂಗಾ ಕಡ ತಂದು, ಅದರ ಎರಡು ತಂತಿಗಳನ್ನು ಯಂತ್ರಕ್ಕೆ ನೇರವಾಗಿ ಕಚ್ಚಿಸಿದ. ಭೋಂಗಾದ ಬಾಯೊಳಗೆ ತಲೆ ಇಟ್ಟರೆ ಒಂದು ಸೊಳ್ಳೆ ಹಾಡುವುದು ಕೇಳುತ್ತಿತ್ತು. ಗುಂಡಿಯನ್ನು ಪೂರಾ ತಿರುವಿದ. ಸೊಳ್ಳೆಗೆ ನೆಗಡಿಯಾಯಿತು. ಯಂತ್ರದ ಹೊಟ್ಟೆಯಲ್ಲಿ ಕಾವು ಹುಟ್ಟಿ, ಒಂದು ಥರ ವಾಸನೆ ಬಂದಾಗ ಹೆದರಿ ತಂತಿ ಕಿತ್ತ. ಭೋಂಗಾ ಎಳೆಯುವಷ್ಟು ಕರೆಂಟು ಕೊಡಲು ಆ ಯಂತ್ರದ ಕೈಯಲ್ಲಿ ಆಗದು. ಕೊಡಲು ಹೋದರೆ ತನ್ನ ದನಿಯನ್ನೇ ಕಳೆದುಕೊಳ್ಳುತ್ತದೆ. ನಡುವೆ ಒಂದು ಆಂಪ್ಲಿಫಾಯರು ಬೇಕೇ ಬೇಕು. ತಾಲೂಕಿನ ಈ ಭಾಗದಲ್ಲಿ ಇದ್ದ ಒಂದೇ ಆಂಪ್ಲಿಫಾಯರು ಕಾಸಿಂಸಾಬನ ಅಂಗಡಿಯಲ್ಲಿತ್ತು.

ಕಾಸಿಂಸಾಬ ತನ್ನ ಸೆಟ್ಟನ್ನು ಮಗನಿಗಿಂತ ಹೆಚ್ಚು ನಂಬಿದವನು. ಅದಕ್ಕೆ ಮಖಮಲ್ಲಿನ ಗವಸು ಹೊಲಿಸಿದ್ದ. ಯಂತ್ರದ ಸುದ್ದಿ ಕೇಳಿ ನಕ್ಕ. ಅವನ ಪ್ರಕಾರ ದನಿ ಇರುವುದು ಭೋಂಗಾದೊಳಗೆ. ಮಂದಿ, ಮೈಕು, ಯಂತ್ರ ಎಲ್ಲ ಅದನ್ನು ಕೆಣಕುವ ನೆವ. ಚನ್ನಬಸಯ್ಯ ವಿವರಿಸಲು ಬಾಯಿ ತೆರೆದು, ಎಂದಿನಂತೆ ಮುಚ್ಚಿಕೊಂಡ.

"ನನ್ನ ಸೆಟ್ ಇಲ್ಲದ ಈ ಸೀಮ್ಯಾಗ ಯಾರ ಮದಿವಿ ಆಗೇತಿ, ತೋರಸ್ರಿ ಅಯ್ಯಾರ," ಎಂದ ಕಾಸಿಂಸಾಬ. ಸೆಟ್ಟಿನ ಗವಸು ಕೊಡವುತ್ತ, "ನಿಮ್ಮದು ಇನ್ನೂ ಆಗಿಲ್ಲ ಅನ್ನೂದು ಬ್ಯಾರೆ ಮಾತು" ಎಂದು ಸೇರಿಸಿದ. ಸೆಟ್ಟು ಕೊಡಲು ಅವನದು ಒಂದೇ ಷರತ್ತು: ಯಂತ್ರದ ಪಕ್ಕದಲ್ಲಿ ಸೆಟ್ಟನ್ನು ಮಂದಿಗೆ ಕಾಣುವಂತೆ ಇಡಬೇಕು, ಮುಂದೆ ತನ್ನ ಹೆಸರಿನ ಹಲಗೆ ಇರಬೇಕು.

ಈ ಷರತ್ತು ಗುರುಲಿಂಗಪ್ಪನವರ ಬಾಯಿಂದ ವಾಡೆ ಮುಟ್ಟಿತು. ಅಲ್ಲಿಂದ ಬಂದ ಉತ್ತರ ಊರಿಗೆಲ್ಲ ಕೇಳಿಸಿತು. ಮದುವೆಯಲ್ಲಿ, ಕುಸ್ತಿಯಲ್ಲಿ ಒದರುವ ಡಬ್ಬಿಯ ಮುಂದೆ ನಮ್ಮ ಯಂತ್ರ ಹೋಗಿ ಕೈ ಚಾಚುವುದೇನು? ಅಷ್ಟು ದೂರದಿಂದ ಬಂದ ವಸ್ತು, ಪೂಜೆಯಾದ ವಸ್ತು. ತಾನಾಗಿ ಒದರುವ ತಾಕತ್ತು ಅದಕ್ಕಿಲ್ಲವೆಂದರೆ ಕಲಿಸಿದವನಲ್ಲಿ ಐಬು ಇರಬೇಕು. ಇಂಡಿಯ ತಂಗಿಯ ಮಗನನ್ನು ಕರೆಸಿ ನೋಡಿದರಾಯಿತು.

ಚನ್ನಬಸಯ್ಯ ಅವತ್ತು ಚಾಪೆಯ ಮೇಲೆ ಮಲಗಲಿಲ್ಲ. ಬಾಗೇವಾಡಿಯ ಹುಡುಗಿ ಅವಲಕ್ಕಿಯ ತಾಟು ಹಿಡಿದು ಸಿಂದಗಿಯವರ ಮುಂದೆ ಅಷ್ಟೇ ಆಳವಾಗಿ ಸುಮ್ಮನಿರುವುದು ಅವನ ಕಣ್ಣಿಗೆ ಕಟ್ಟಿತು. ಸೀದಾ ವಾಡೆಗೆ ಹೋದ.

ಸಾಹುಕಾರರು ತೂಗುಮಂಚದ ಮೇಲಿದ್ದರು. ರೇವಣಪ್ಪ ಹಿಂದೆ ನಿಂತಿದ್ದ. ಚನ್ನಬಸಯ್ಯ ತನ್ನ ಜೀವಮಾನದ ಅತಿ ಉದ್ದದ ಮಾತು ಆಡಿದ.

"ಸಾವಕಾರ್ರ, ನೀವು ಎಂದಾದ್ರೂ ದನಿ ಎತ್ತೀರೇನ್ರಿ? ಎತ್ತೂದಿಲ್ಲ. ನೀವು ಅಂದದ್ದನ್ನ ರೇವಣಪ್ಪ ಒದರ್ತಾನ. ಹಂಗಂತ ಮಾತು ರೇವಣಪ್ಪಂದ ಆತೇನ್ರಿ? ಈ ಯಂತ್ರಾನೂ ಹಂಗರಿ. ಏನ ಅನಬೇಕು ಅನ್ನೂದನ್ನ ಅದು ಮೆಲ್ಲಕ ಅಂತೈತಿ. ಒದರಾಕ ಅದಕ್ಕೂ ಒಬ್ಬ ರೇವಣಪ್ಪ ಬೇಕು."

ತೂಗುಮಂಚ ನಿಂತಿತು. ಚನ್ನಬಸಯ್ಯ ತನ್ನ ನೌಕರಿ ಮುಗಿಯಿತೆಂದೇ ತಿಳಿದ. ಆದರೆ ಸಾಹುಕಾರರ ಮುಖದಲ್ಲಿ, ಅವತ್ತು ಹೆಡ್‌ಫೋನು ಹಾಕಿಕೊಂಡಾಗ ಅರಳಿದಂಥ ಖುಷಿ ಅರಳಿತು.

"ಸಾವಕಾರ್ರು ಅಂತಾರ," ಎಂದ ರೇವಣಪ್ಪ, ಮೊದಲಿನಷ್ಟು ಜೋರಿಲ್ಲದೆ, "ಇದು ಖಾನದಾನಿ ಯಂತ್ರ."

ಅಲ್ಲಿಗೆ ಎಲ್ಲ ಸಲೀಸಾಯಿತು. ದನಿ ಎತ್ತದ ಯಂತ್ರದಲ್ಲಿ ಸಾಹುಕಾರರು ತಮ್ಮ ಮನೆತನದ ರಕ್ತ ಕಂಡುಕೊಂಡರು. ಡಬ್ಬಿ ಆಳಾಗಿ ಬರುವುದಾದರೆ ಅವರ ಅಡ್ಡಿಯಿಲ್ಲ. ಆದರೆ ಆಳು ಹಿಂದೆ ನಿಲ್ಲಬೇಕು, ಹಲಗೆ ಗಿಲಗೆ ನಡೆಯದು. ವಾಡೆಯಿಂದ ಹೇಳಿಕಳಿಸಿದ ಮೇಲೆ ಕಾಸಿಂಸಾಬನೂ ಬಗ್ಗಿದ. ಮೇಜಿನ ಕೆಳಗೆ ಸೆಟ್ಟಿರಲಿ, ಅದರ ಮೇಲೆ ಜಮಖಾನೆ ಇರಲಿ, ತಾನೂ ಅದರ ಪಕ್ಕದಲ್ಲಿ ಜಮಖಾನೆಯೊಳಗೇ ಕೂಡುತ್ತೇನೆ ಎಂದ. ಮಾಳಿಗೆಯ ಮೇಲಿನ ಭೋಂಗಾಗಳ ತುಂಬ ಕೆಂಪು ಬಣ್ಣದಲ್ಲಿ ಅವನ ಹೆಸರು ಮೊದಲೇ ಬರೆದಿತ್ತು. ಅದನ್ನು ಅವನು ಯಾರಿಗೂ ನೆನಪಿಸಲಿಲ್ಲ.

ಚನ್ನಬಸಯ್ಯ ವಾಡೆಯ ಮೆಟ್ಟಿಲಿಳಿಯುವಾಗ ರೇವಣಪ್ಪ ಹಿಂದಿನಿಂದ ಬಂದ. ಸಾಹುಕಾರರದಲ್ಲದ ಮಾತು ಆಡುವಾಗ ಅವನ ದನಿ ಸಣ್ಣಗಿತ್ತು, ಬಳಸದೆ ಬಿಟ್ಟ ದಾರಿಯ ಹಾಗೆ.

"ಅಯ್ಯಾರ, ಒಂದ ಮಾತು. ಆ ಡಬ್ಬಿಗಿ ಒದರು ಬಲ ಎಲ್ಲಿಂದ ಬರ್ತೈತ್ರಿ? ಯಂತ್ರ ಕೊಡ್ತೈತೇನು?"

"ಇಲ್ಲೋ ಮಾರಾಯ. ಅದರ ಬಲ ಅದರದ. ಮಗ್ಗಲದಾಗ ಬ್ಯಾಟರಿ ಇರ್ತೈತಲ್ಲ, ಅದರಿಂದ ತಗೋತೈತಿ. ಯಂತ್ರ ಬರೇ ದಾರಿ ತೋರಸ್ತೈತಿ."

"ಯಂತ್ರ ಒಂದ ಅಂದು, ಡಬ್ಬಿ ಒಂದ ಒದರಿದ್ರ?"

"ಭೋಂಗಾದಾಗ ಡಬ್ಬೀದ ಬರ್ತೈತಿ. ಹಂಗ ಆಗಬಾರದು ಅಂತನ ನಾವು ನೋಡ್ಕೊಂತ ಇರೂದು."

ರೇವಣಪ್ಪ ತಲೆ ಅಲ್ಲಾಡಿಸಿ, ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು ಒಳಗೆ ಹೋದ. ಅವನು ಹೀಗೆ ಮಾತಿಲ್ಲದೆ ಹೋದದ್ದರ ಅರ್ಥ ಏನೆಂದು ಚನ್ನಬಸಯ್ಯ ಯೋಚಿಸಲಿಲ್ಲ. ಪರರ ಮೌನದಲ್ಲೂ ಏನಾದರೂ ಇರಬಹುದೆಂದು ಮೌನಪ್ರಿಯರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಗ್ಯಾದರಿಂಗಿನ ದಿನ ಗೋದಾಮಿನ ಮುಂದೆ ಪೆಂಡಾಲು ಎದ್ದಿತು. ಇಂಡಿಯವರು, ಸಿಂದಗಿಯವರು, ಮುದ್ದೇಬಿಹಾಳದವರು, ಬಾಗೇವಾಡಿಯವರು ನಾಲ್ಕು ಸಾಲಾಗಿ ಕೂತು ಒಬ್ಬರ ಪಟಗಾ ಒಬ್ಬರು ಅಳೆಯುತ್ತಿದ್ದರು. ಬಾಗೇವಾಡಿಯವರ ಸಾಲಿನ ತುದಿಯಲ್ಲಿ ಹೆಣ್ಣಿನ ಅಪ್ಪನೂ ಇದ್ದರು. ಸಾಹುಕಾರರ ತಂಗಿಯ ಮಗ ಹೊಸ ಪ್ಯಾಂಟು ಹಾಕಿಕೊಂಡು ಮುಂದಿನ ಕುರ್ಚಿಯಲ್ಲೇ ಕೂತಿದ್ದ. ವೇದಿಕೆಯ ಮೇಲೆ ಹೂಮಾಲೆ ಹಾಕಿಕೊಂಡ ಯಂತ್ರ, ಅದರ ಒಂದು ಕಡೆ ಸಾಹುಕಾರರು, ಇನ್ನೊಂದು ಕಡೆ ಚನ್ನಬಸಯ್ಯ. ಮೇಜಿನ ಕೆಳಗಿನ ಜಮಖಾನೆ ಆಗಾಗ ಕೆಮ್ಮುತ್ತಿತ್ತು. ಆಂಪ್ಲಿಫಾಯರು ಯಂತ್ರದ ಸೇವೆಯಲ್ಲಿದ್ದುದರಿಂದ ಭಾಷಣಕ್ಕೆ ಮೈಕು ಇರಲಿಲ್ಲ. ರೇವಣಪ್ಪ ಇರುವಾಗ ಅದರ ಕೊರತೆ ಯಾರಿಗೂ ಕಾಣಲಿಲ್ಲ.

ಚನ್ನಬಸಯ್ಯ ಹಿಂದಿನ ದಿನವೇ ಜೋಡಿಸಿ ನೋಡಿ, ಒಂದು ವಿಚಿತ್ರ ಕಂಡುಕೊಂಡಿದ್ದ. ಯಂತ್ರವನ್ನು ಜೋರು ಮಾಡಿದರೆ ಆಂಪ್ಲಿಫಾಯರಿಗೆ ಅದು ಹೆಚ್ಚಾಗಿ, ಭೋಂಗಾ ಹರಕು ತಗಡಿನಂತೆ ಕಿರುಚುತ್ತಿತ್ತು. ಯಂತ್ರ ಎಷ್ಟು ಮೆಲ್ಲಗೆ ಪಿಸುಗುಟ್ಟುತ್ತದೋ ಮಾಳಿಗೆಯ ಮೇಲಿನ ದನಿ ಅಷ್ಟು ಸ್ವಚ್ಛ. ಆದ್ದರಿಂದ ಅವನು ಗುಂಡಿಯನ್ನು ಇನ್ನೇನು ಇಲ್ಲವೆನ್ನುವಷ್ಟು ಇಳಿಸಿ ಇಟ್ಟಿದ್ದ. ಸಾಹುಕಾರರು ಅದನ್ನು ಕೇಳಿ ಮತ್ತಷ್ಟು ಹಿಗ್ಗಿದ್ದರು.

ಹೊತ್ತು ಬಂತು. ಚನ್ನಬಸಯ್ಯ ಗುಂಡಿ ಮುಟ್ಟಿದ. ಮಾಳಿಗೆಯ ಮೇಲೆ ಎರಡು ಭೋಂಗಾಗಳು ಒಟ್ಟಿಗೆ ಬಾಯಿ ಬಿಟ್ಟವು. ಏರದ, ಇಳಿಯದ, ಉಸಿರು ತೆಗೆದುಕೊಳ್ಳದ ಒಂದೇ ದನಿ. ಊರಿನ ನಾಯಿಗಳೆಲ್ಲ ಮುಖ ಮೇಲೆತ್ತಿ ಊಳಿಟ್ಟವು. ಇಂಡಿಯವರ ಎತ್ತುಗಳು ಹಗ್ಗ ಹರಿದುಕೊಂಡು ಇಂಡಿಯ ಕಡೆಗೇ ಓಡಿದವು. ಸಿಂದಗಿಯ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡದ್ದು ಅಸೂಯೆಯಿಂದ ಎಂದು ಹಿಪ್ಪರಗಿಯವರು ಆಮೇಲೆ ತೀರ್ಮಾನಿಸಿದರು. ಭೋಂಗಾಗಳ ಮೇಲಿನ ಕೆಂಪು ಅಕ್ಷರ ಎಲ್ಲರಿಗೂ ಕಾಣುತ್ತಿತ್ತು, ಆದರೆ ಕಿವಿ ಮುಚ್ಚಿಕೊಂಡವರಿಗೆ ಓದುವ ಪುರುಸೊತ್ತು ಇರಲಿಲ್ಲ. ಚನ್ನಬಸಯ್ಯ ಗುಂಡಿ ಇಳಿಸಿ, ಆಮೇಲೆ ಬಿದ್ದ ನಿಶ್ಶಬ್ದಕ್ಕೆ ಕಿವಿಗೊಟ್ಟ. ಇಷ್ಟು ಚಂದದ ಮೌನವನ್ನು ಅವನು ಎಂದೂ ಕೇಳಿರಲಿಲ್ಲ.

ಸಾಹುಕಾರರು ಎದ್ದು ನಿಂತರು. ತುಟಿ ಅಲುಗಿತು. ಯಂತ್ರದ ಪಕ್ಕದಲ್ಲೇ ಇದ್ದ ಚನ್ನಬಸಯ್ಯನಿಗೂ ಅದು ಅಕ್ಷರ ಅಕ್ಷರವಾಗಿ ಕೇಳಿಸಿತು.

"ಒದರೂದು ಆತು. ಇನ್ನ ಗುಂಡಿ ತಿರುವೂದು ಅಷ್ಟ ಉಳೀತು. ಅದನ್ನ ನಮ್ಮ ತಂಗಿ ಮಗ ಮಾಡ್ತಾನ. ಅಯ್ಯಾಗ ಒಂದ ಶಾಲು ಹೊಚ್ಚಿ ಕಳಸ್ರಿ."

ಚನ್ನಬಸಯ್ಯ ಗುಂಡಿಯಿಂದ ಕೈ ತೆಗೆದ. ಕೆಲಸ ಕೆಟ್ಟಿದ್ದರೂ ಹೋಗುತ್ತಿದ್ದ, ಕೆಲಸ ಆದದ್ದಕ್ಕೂ ಹೋಗುತ್ತಿದ್ದಾನೆ. ಬಾಗಿ ಕೇಳಿಸಿಕೊಂಡ ರೇವಣಪ್ಪ ಏಳುವುದಕ್ಕೆ ಒಂದು ಗಳಿಗೆ ತಡ ಮಾಡಿದ. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡ.

"ಸಾವಕಾರ್ರು ಅಂತಾರ, ಯಂತ್ರ ಒದರಿತು, ನಮ್ಮ ಮಾತು ಉಳೀತು. ನಾಕೂ ತಾಲೂಕಿನ ಹಿರ್ಯಾರ ಮುಂದ ಹೇಳಾಕತ್ತೇನಿ, ಚನ್ನಬಸಯ್ಯ ಅಯ್ಯಾರು ಇವತ್ತಿನಿಂದ ಖಾಯಂ."

ಸಾಹುಕಾರರು ತಿರುಗಿ ನೋಡಿದರು. ಅವರ ತುಟಿ ಅಲುಗಿತು, ಈ ಸಲ ಬೇಗ ಬೇಗ ಅಲುಗಿತು. ಕುತ್ತಿಗೆಯ ನರ ಉಬ್ಬಿ, ದನಿಯೊಂದು ಮೂರು ತಲೆಮಾರಿನ ಕೆಳಗಿನಿಂದ ಎದ್ದು ಗಂಟಲಿನವರೆಗೆ ಬಂದು, ಅಲ್ಲಿ ಮಂದಿಯನ್ನು ಕಂಡು ನಿಂತುಬಿಟ್ಟಿತು. ರೇವಣಪ್ಪ ಶಿಸ್ತಿನಿಂದ ಬಾಗಿ, ಎಲ್ಲವನ್ನೂ ಕೇಳಿಸಿಕೊಂಡು, ನೆಟ್ಟಗಾದ.

"ಸಾವಕಾರ್ರು ಅಂತಾರ, ಚಪ್ಪಾಳಿ ಬಡೀರಿ."

ನಾಲ್ಕೂ ಸಾಲು ಚಪ್ಪಾಳೆ ಬಡಿದವು. ತಂಗಿಯ ಮಗನೂ ಬಡಿದ. ಬಾಗೇವಾಡಿಯ ಸಾಲಿನ ತುದಿಯಲ್ಲಿ ಹೆಣ್ಣಿನ ಅಪ್ಪ ಪಕ್ಕದವರ ಕಡೆ ಬಾಗಿ ಏನೋ ಹೇಳಿ ಚನ್ನಬಸಯ್ಯನತ್ತ ಕೈ ತೋರಿಸಿದರು.

ಆ ಪಿಸುಮಾತು ಜಮಖಾನೆಯೊಳಗೆ ಇಳಿದಿರಲಿಲ್ಲವಾದ್ದರಿಂದ, ಸತ್ಯ ಗೊತ್ತಿದ್ದವರು ವೇದಿಕೆಯ ಮೇಲೆ ಮೂವರೇ. ಒಬ್ಬರು ದನಿ ಎತ್ತುವ ಹಾಗಿರಲಿಲ್ಲ. ಒಬ್ಬ ಎತ್ತಿ ಮುಗಿಸಿದ್ದ. ಮೂರನೆಯವನು ಚನ್ನಬಸಯ್ಯ. ಅವನು ಕೈ ಮುಗಿದುಕೊಂಡು, ತಲೆ ತಗ್ಗಿಸಿ, ತಾನು ಅಷ್ಟು ವರ್ಷ ಸಾಕಿ ಸಲಹಿದ ಮೌನವನ್ನು ಅವತ್ತು ಕೆಲಸಕ್ಕೆ ಹಚ್ಚಿದ. ಅದರಲ್ಲಿ ಆಳವಿದೆಯೇ ಎಂದು ನೋಡಲು ಹೋಗಲಿಲ್ಲ.

ಮರುದಿನ ಸಾಹುಕಾರರು ಅದನ್ನು ತಿದ್ದಬಹುದಿತ್ತು. ಆದರೆ ರೇವಣಪ್ಪ ತಪ್ಪು ಒದರಿದನೆಂದು ಒಪ್ಪಿದರೆ, ಅವನೂ ಅವನಪ್ಪನೂ ಅದುವರೆಗೆ ಒದರಿದ ಬದುವಿನ ನ್ಯಾಯಗಳೆಲ್ಲ ಮತ್ತೆ ಬಾಗಿಲಿಗೆ ಬಂದು ಕೂಡುತ್ತಿದ್ದವು. ಯಾವುದು ಸಾಹುಕಾರರು ಅಂದದ್ದು, ಯಾವುದು ಅನ್ನದೆ ಇದ್ದದ್ದು ಎಂದು ಅರ್ಧ ಊರು ಕೇಳುತ್ತಿತ್ತು. ಹಾಗಾಗಿ ಚನ್ನಬಸಯ್ಯನನ್ನು ಖಾಯಂ ಮಾಡುವುದು ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿತ್ತೆಂದು ಅವರು ತುಟಿ ಅಲುಗಿಸಿದರು. ರೇವಣಪ್ಪ ಅದನ್ನು ತಿದ್ದದೆ ಒದರಿದ. ತಂಗಿಯ ಮಗನಿಗೆ ಲೈಬ್ರರಿ ಕೊಟ್ಟರು. ಪುಸ್ತಕಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಅವನು ಅದನ್ನು ಚೆನ್ನಾಗಿಯೇ ನಡೆಸಿದ.

ಗ್ಯಾದರಿಂಗಿನ ಸಂಜೆಯೇ ಚನ್ನಬಸಯ್ಯ ಪೆಂಡಾಲಿನ ಹಿಂದೆ ಉಣ್ಣುತ್ತ ಕೂತಿದ್ದ ರೇವಣಪ್ಪನ ಹತ್ತಿರ ಹೋಗಿ, ತನ್ನ ಸಲುವಾಗಿ ಇಷ್ಟು ದೊಡ್ಡ ಧೈರ್ಯ ಮಾಡಿದೆಯಲ್ಲ ಎಂದು ತೊದಲಿದ್ದ. ರೇವಣಪ್ಪ ರೊಟ್ಟಿ ಮುರಿಯುತ್ತಲೇ ಉತ್ತರ ಕೊಟ್ಟ.

"ನಿಮ್ಮ ಸಲುವಾಗಿ ಯಾರ ಮಾಡ್ತಾರ ಅಯ್ಯಾರ. ಬಲ ಡಬ್ಬೀದು ಅಂತ ನೀವ ಅಂದ್ರಿ. ಖರೇನೋ ಸುಳ್ಳೋ ನೋಡೂಣು ಅಂತ ಮಾಡಿದ್ನಿ. ನೀವು ಅಡ್ಡ ಬರೂದಿಲ್ಲ ಅನ್ನೂದು ಗೊತ್ತಿತ್ತು."

"ಹೆಂಗ ಗೊತ್ತಿತ್ತು?"

"ನೀವು ಯಾವುದಕ್ಕ ಅಡ್ಡ ಬಂದೀರಿ?"

ಚನ್ನಬಸಯ್ಯನ ಮದುವೆ ಬಸವನ ಬಾಗೇವಾಡಿಯಲ್ಲಿ ಆಯಿತು. ಕಾಸಿಂಸಾಬನ ಭೋಂಗಾ ಮುಂಜಾನೆಯಿಂದ ಒದರುತ್ತಿತ್ತು. ಈ ಸಲ ಸೆಟ್ಟು ಎಲ್ಲರಿಗೂ ಕಾಣುವಂತೆ ಮಖಮಲ್ಲಿನ ಮೇಲೆ ಕೂತಿತ್ತು. ಸಾಹುಕಾರರು ಅಕ್ಕಿಕಾಳು ಹಾಕಲು ಬಂದಾಗ ಮಂದಿ ದಾರಿ ಬಿಟ್ಟು, ಮೊದಲು ರೇವಣಪ್ಪನ ಮುಖ ನೋಡಿದರು. ಅದು ಹೊಸ ರೂಢಿ, ಆದರೆ ಬೇಗ ಹತ್ತಿತ್ತು. ಸಾಹುಕಾರರು ಮದುಮಗನ ತಲೆಯ ಮೇಲೆ ಕೈಯಿಟ್ಟು ತುಟಿ ಅಲುಗಿಸಿದರು. ಅಷ್ಟು ಹತ್ತಿರದಲ್ಲಿ ಚನ್ನಬಸಯ್ಯನಿಗೆ ಸ್ಪಷ್ಟವಾಗಿ ಕೇಳಿಸಿತು.

"ಬಾಯಿ ಇಲ್ಲದ ಮಗ. ಅದಕ ಉಳಿದಿ."

ರೇವಣಪ್ಪ ಬಾಗಿದ, ಎದ್ದ.

"ಸಾವಕಾರ್ರು ಅಂತಾರ, ನೂರ ವರ್ಷ ಚಂದಂಗ ಬಾಳ್ರಿ."

ಹೆಂಡತಿ ಚನ್ನಬಸಯ್ಯನ ಮುಖ ನೋಡಿದಳು. ಅವಳೂ ಅಷ್ಟೇ ಹತ್ತಿರದಲ್ಲಿ ನಿಂತಿದ್ದಳು. ಅವನು ರೇವಣಪ್ಪ ಒದರಿದ ಎರಡನೆಯ ಮಾತಿಗೆ ತಲೆ ಬಾಗಿಸಿದ.